ನೆಕ್ ಗೆದ್ದು ಗಿಟಾರ್ ಗೆಲ್ಲು: ಮೊದಲ ಗಿಟಾರ್ ಮಾಡುವವರಿಗೆ ಒಂದು ಮಾರ್ಗದರ್ಶಿ

ನನ್ನ ಮೊದಲ ಗಿಟಾರಿನ ಬಾಡಿ, ಅಂದರೆ ಒಡಲು, ಮಾಡುವುದರಲ್ಲೇ ಮೂರು ತಿಂಗಳ ಭಾನುವಾರಗಳು ಹೋದವು. ಹಲಸಿನ ಹಲಗೆಯನ್ನು ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಮಾಡಿದ್ದೆ. ಮನೆಗೆ ಬಂದವರೆಲ್ಲ ಬೆನ್ನು ತಟ್ಟಿದರು. ಕೊನೆಗೆ ತಂತಿ ಏರಿಸಿ ಒಂದು ಸ್ವರಮೇಳ (ಕಾರ್ಡ್) ಹಿಡಿದೆ, ಅಪಸ್ವರ. ಮತ್ತೆ ಟ್ಯೂನ್ ಮಾಡಿದೆ, ಮತ್ತೆ ಅಪಸ್ವರ. ಅಳೆದು ನೋಡಿದರೆ ಬಾಡಿಯ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್ 4 ಮಿಲಿಮೀಟರ್ ಮುಂದೆ ಕೂತಿತ್ತು. ಬೆರಳಿಡುವ ಕಡೆಯ ಲೋಹದ ಅಡ್ಡಪಟ್ಟಿಗಳು, ಅಂದರೆ ಫ್ರೆಟ್ಟುಗಳೂ ತಮ್ಮ ಜಾಗದಲ್ಲಿ ಇರಲಿಲ್ಲ. ಆ ಗಿಟಾರ್ ಈಗ ಗೋಡೆಯ ಮೇಲಿದೆ. ನೋಡೋಕೆ ಚೆನ್ನಾಗಿದೆ, ಅಷ್ಟೇ.

ಆಗ ತಿಳಿದದ್ದು ಇಷ್ಟು. ಗಿಟಾರಿನ ಚೆಂದ ಬಾಡಿಯಲ್ಲಿದೆ, ಆದರೆ ಅದರ ಪ್ರಾಣ ಇರುವುದು ನೆಕ್ಕಿನಲ್ಲಿ, ಅಂದರೆ ಕೈಯಲ್ಲಿ ಹಿಡಿಯುವ ಉದ್ದ ಕತ್ತಿನಲ್ಲಿ. ಹೊಸಬರು ನೂರು ಗಂಟೆ ದುಡಿದರೆ ಅದರಲ್ಲಿ ಎಪ್ಪತ್ತು ನೆಕ್ಕಿಗೆ ಹೋಗಬೇಕು. ಸಾಮಾನ್ಯವಾಗಿ ಆಗುವುದು ಉಲ್ಟಾ. ಅದಕ್ಕೇ ಇಲ್ಲಿ ನೆಕ್ಕಿನ ಮಾತೇ ಜಾಸ್ತಿ.

ಅಕೌಸ್ಟಿಕ್ ಬೇಡ, ಈಗಲೇ ಬೇಡ

ಎಲ್ಲರಿಗೂ ಮೊದಲು ಅಕೌಸ್ಟಿಕ್ ಮಾಡುವ ಆಸೆ. ಸ್ವಲ್ಪ ತಡೆಯಿರಿ. ಅಕೌಸ್ಟಿಕ್ ಗಿಟಾರಿನ ಮುಂಭಾಗದ ಹಲಗೆ, ಅಂದರೆ ಟಾಪ್, ಹೆಚ್ಚೆಂದರೆ 3 ಮಿಲಿಮೀಟರ್ ದಪ್ಪ. ಆರು ಉಕ್ಕಿನ ತಂತಿಗಳು ಅದನ್ನು ಸುಮಾರು 70 ಕಿಲೋ ಬಲದಲ್ಲಿ ಎಳೆಯುತ್ತಿರುತ್ತವೆ. ದಪ್ಪ ಮಾಡಿದರೆ ದನಿ ಸಾಯುತ್ತದೆ, ತೆಳು ಮಾಡಿದರೆ ಹಲಗೆ ಉಬ್ಬುತ್ತದೆ. ಇವೆರಡರ ನಡುವೆ ಒಳಗಿನ ಪಟ್ಟಿಗಳನ್ನು ಕೆತ್ತುತ್ತಾ ಹದ ಹುಡುಕಬೇಕು. ಸ್ಪೇನಿನ ಆಂತೋನಿಯೊ ದೆ ತೊರೆಸ್ 1862ರಲ್ಲಿ ಬೆನ್ನನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದ ಮಾಡಿ ಒಂದು ಗಿಟಾರ್ ತಯಾರಿಸಿದ. ದನಿ ಹುಟ್ಟುವುದು ಟಾಪಿನಲ್ಲಿ ಎಂದು ತೋರಿಸುವುದು ಅವನ ಉದ್ದೇಶ. ಅಂಥ ಟಾಪನ್ನು ಬೆರಳಲ್ಲಿ ತಟ್ಟಿ ಅಳೆಯುವ ಕಿವಿ ಮೊದಲ ದಿನವೇ ಬರುವುದಿಲ್ಲ.

ಎಲೆಕ್ಟ್ರಿಕ್ ಗಿಟಾರ್ ನಮ್ಮ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ಅದರಲ್ಲೂ ಟೆಲಿಕ್ಯಾಸ್ಟರ್ ಮಾದರಿ. ಲಿಯೊ ಫೆಂಡರ್ ರೇಡಿಯೊ ರಿಪೇರಿ ಮಾಡುತ್ತಿದ್ದವರು, ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1950ರಲ್ಲಿ ಅವರ ಕಂಪನಿ ತಂದ ಈ ಗಿಟಾರಿಗೆ 1951ರಲ್ಲಿ ಟೆಲಿಕ್ಯಾಸ್ಟರ್ ಎಂಬ ಹೆಸರು ಬಂತು. ಬಾಡಿ ಒಂದು ಗಟ್ಟಿ ಹಲಗೆ, ನೆಕ್ ಇನ್ನೊಂದು ತುಂಡು, ಎರಡನ್ನೂ ಹಿಡಿಯುವುದು ನಾಲ್ಕು ಸ್ಕ್ರೂ. ನೆಕ್ ಕೆಟ್ಟರೆ ಬಿಚ್ಚಿ ಬೇರೆ ಹಾಕಿದರಾಯಿತು. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಪಾಠ ಸಿಗಲ್ಲ. ಮುಂದಿನ ಅಳತೆಗಳೆಲ್ಲ ಈ ಮಾದರಿಯವೇ.

ಮಾಡುವ ಮೊದಲು ಒಂದನ್ನು ರಿಪೇರಿ ಮಾಡಿ

ಮರ ಕೊಳ್ಳುವ ಮೊದಲು ಒಂದು ಹಳೆಯ ಗಿಟಾರ್ ಹುಡುಕಿ. ನೆಂಟರ ಮನೆಯ ಅಟ್ಟದಲ್ಲಿ ಒಂದಿದ್ದೇ ಇರುತ್ತದೆ. ಅದರ ತಂತಿ ಬಿಚ್ಚಿ, ನೆಕ್ ನೇರವಾಗಿದೆಯಾ ನೋಡಿ. ಫ್ರೆಟ್ ತೀಡಿ, ಮೂಳೆಯ ನಟ್ ಒಂದನ್ನು (ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಸಣ್ಣ ಪಟ್ಟಿ) ಅರದಲ್ಲಿ ತೀಡಿ ಕೂರಿಸಿ. ಕೆಟ್ಟರೂ ನಷ್ಟ ಕಮ್ಮಿ. ಎರಡು ಮೂರು ಗಿಟಾರ್ ಹೀಗೆ ಕೈದಾಟಿದರೆ ಅರ್ಧ ಮಿಲಿಮೀಟರ್ ಅಂದರೆ ಎಷ್ಟು ದೊಡ್ಡದು ಎಂದು ಬೆರಳಿಗೆ ಗೊತ್ತಾಗುತ್ತದೆ.

ಆಮೇಲೆ ಒಂದು ಕಿಟ್ ತರಿಸಿ ಜೋಡಿಸುವುದೂ ಒಳ್ಳೆಯದೇ. ಅದನ್ನು ಗಿಟಾರ್ ಮಾಡಿದ್ದು ಎಂದು ನಾನು ಕರೆಯಲ್ಲ, ಆದರೆ ವೈರಿಂಗ್ ಮತ್ತು ಪಾಲಿಶ್ ಚೆನ್ನಾಗಿ ಅರ್ಥವಾಗುತ್ತವೆ.

ಸಾಮಾನು

ಯೂಟ್ಯೂಬ್ ನೋಡಿದರೆ ಕೋಣೆ ತುಂಬ ಮೆಷಿನ್ ಬೇಕು ಅನ್ನಿಸುತ್ತದೆ, ನಿಜಕ್ಕೂ ಬೇಡ. ನಾನು ಶುರು ಮಾಡಿದ್ದು ಬಾಲ್ಕನಿಯಲ್ಲಿ, ಒಂದು ಗಟ್ಟಿ ಮೇಜು ಇಟ್ಟುಕೊಂಡು.

ಬೇಕೇ ಬೇಕಾದವು ಇವು: ಮರ ತೋಡಲು ಕೈಯಲ್ಲಿ ಹಿಡಿಯುವ ಟ್ರಿಮ್ ರೂಟರ್, ಡ್ರಿಲ್, ಜಿಗ್‌ಸಾ, ಹರಿತವಾದ ಮೂರು ಉಳಿ, ಒಂದು ತೋಪಡ, ಅರೆದುಂಡಗಿನ ಅರ, ಮೂಲೆಮಟ್ಟ, ಆರೆಂಟು ಕ್ಲ್ಯಾಂಪ್. ಬೆಂಗಳೂರಿನವರಿಗೆ ಇವೆಲ್ಲ ಎಸ್‌ಜೆಪಿ ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಕ್ಲ್ಯಾಂಪ್ ಮಾತ್ರ ಎಷ್ಟು ಕೊಂಡರೂ ಒಂದು ಕಮ್ಮಿ ಬೀಳುತ್ತದೆ.

ಗಿಟಾರಿಗೇ ಅಂತ ಬೇಕಾದವು ನಾಲ್ಕು. 0.58 ಮಿಲಿಮೀಟರ್ ಅಗಲದ ಸೀಳು ಕೊಯ್ಯುವ ಫ್ರೆಟ್ ಗರಗಸ, ಫ್ರೆಟ್‌ಬೋರ್ಡಿಗೆ (ನೆಕ್ಕಿನ ಮೇಲೆ ಫ್ರೆಟ್ಟುಗಳು ಕೂರುವ ಹಲಗೆ) ಕಮಾನು ಕೊಡುವ ರೇಡಿಯಸ್ ಬ್ಲಾಕ್, ಫ್ರೆಟ್ ತಲೆ ದುಂಡಗೆ ಮಾಡುವ ಕ್ರೌನಿಂಗ್ ಅರ, ಮತ್ತು ನಿಜವಾಗಿಯೂ ನೇರವಾಗಿರುವ ಒಂದು ಉಕ್ಕಿನ ಪಟ್ಟಿ. ಇವನ್ನು ಆನ್‌ಲೈನಿನಲ್ಲಿ ತರಿಸಬೇಕು. ದುಡ್ಡು ಉಳಿಸಬೇಕಾದರೆ ಬೇರೆ ಕಡೆ ಉಳಿಸಿ. ಅಳತೆಯ ಸಾಮಾನಿನಲ್ಲಿ ಉಳಿಸಿದ ದುಡ್ಡು ಮರದಲ್ಲಿ ಹೋಗುತ್ತದೆ.

ಮಾಸ್ಕ್, ಕನ್ನಡಕ ಹಾಕದೆ ರೂಟರ್ ಚಾಲೂ ಮಾಡಬೇಡಿ. ಬೀಟೆಯ ಪುಡಿ ಕೆಲವರಿಗೆ ಚರ್ಮಕ್ಕೂ ಶ್ವಾಸಕ್ಕೂ ಆಗಿಬರುವುದಿಲ್ಲ.

ಮರ: ಹಿತ್ತಲ ಗಿಡ ಮದ್ದಲ್ಲ ಅನ್ನಬೇಡಿ

ಇಲ್ಲೊಂದು ತಮಾಷೆ ಇದೆ. ಹೊಸಬರು ವಿದೇಶದ ಮರ ಹುಡುಕುತ್ತಾ ಕೂರುತ್ತಾರೆ. ವಿದೇಶದವರು ಹುಡುಕುವುದು ನಮ್ಮ ಬೀಟೆಯನ್ನು. ಬ್ರೆಜಿಲ್ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರ ಹೊತ್ತಿಗೆ ಭಾರತದ ರೋಸ್‌ವುಡ್‌ಗೆ ಬದಲಾಯಿತು. ಅದೇ ನಮ್ಮ ಪಶ್ಚಿಮ ಘಟ್ಟದ ಬೀಟೆ. ಲೋಕದ ಎಷ್ಟೋ ಒಳ್ಳೆಯ ಗಿಟಾರುಗಳ ಬೆನ್ನಿನಲ್ಲಿ, ಫ್ರೆಟ್‌ಬೋರ್ಡಿನಲ್ಲಿ ಅದೇ ಇದೆ.

ಆದರೆ ಬೀಟೆಗೆ ಕಾನೂನಿನ ಕಟ್ಟು ಇದೆ. ತೋಟದ ಮರವಾದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ಸಾಮಿಲ್‌ನಲ್ಲಿ ಕೊಂಡರೆ ಬಿಲ್ ಕೇಳಿ ಪಡೆಯಿರಿ, ಇಟ್ಟುಕೊಳ್ಳಿ. ಒಂದು ಫ್ರೆಟ್‌ಬೋರ್ಡಿಗೆ ಬೇಕಾದದ್ದು 500 ಮಿಲಿಮೀಟರ್ ಉದ್ದ, 65 ಅಗಲ, 7 ದಪ್ಪದ ಪಟ್ಟಿ ಅಷ್ಟೇ. ನನ್ನ ಮಟ್ಟಿಗೆ ಒಳ್ಳೆಯ ದಾರಿ ಹಳೆಯ ಮಂಚದ ಹಲಗೆ ಅಥವಾ ಕೆಡವಿದ ಮನೆಯ ಬಾಗಿಲವಾಡ. ಎಷ್ಟೋ ವರ್ಷ ಮಳೆ ಬಿಸಿಲು ನೋಡಿ ಸುಮ್ಮನಾದ ಮರ ಅದು, ಇನ್ನು ಸೊಟ್ಟಗಾಗುವುದು ಕಮ್ಮಿ. ಗರಗಸ ಹಾಕುವ ಮೊದಲು ಮೊಳೆ ಇದೆಯಾ ನೋಡಿಕೊಳ್ಳಿ.

ಬಾಡಿಗೆ ಯಾವ ಮರ? ಮಾವು ಆಗುತ್ತದೆ. ಹಲಸು ಆಗುತ್ತದೆ, ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನಿಂದಲೇ ವೀಣೆ ಮಾಡುತ್ತಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ನನಗೆ ಅಚ್ಚುಮೆಚ್ಚು. ಹಗುರ, ಸಲೀಸಾಗಿ ಕೊಯ್ಯಬಹುದು, ಸರಿಯಾದ ಬದಿಯಲ್ಲಿ ಸೀಳಿದರೆ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ತೇಗ ಭಾರ, ಎಣ್ಣೆಯ ಅಂಶ ಇರುವುದರಿಂದ ಅಂಟು ಹಿಡಿಸುವಾಗ ಜಾಗ್ರತೆ ಬೇಕು. ನೆಕ್ಕಿಗೆ ಮಹಾಗನಿ ಅಥವಾ ಎಳೆ ನೇರವಿರುವ ತೇಗ ಹಾಕಬಹುದು.

ಸಾಮಿಲ್‌ನಲ್ಲಿ ಮರ ಕೊಡುವುದು ಸಿಎಫ್‌ಟಿ, ಅಂದರೆ ಘನ ಅಡಿ ಲೆಕ್ಕದಲ್ಲಿ. 18 ಇಂಚು ಉದ್ದ, 14 ಅಗಲ, 2 ದಪ್ಪದ ಹಲಗೆ ಅಂದರೆ 504 ಘನ ಇಂಚು. ಒಂದು ಸಿಎಫ್‌ಟಿಗೆ 1728. ಅಂದರೆ ಬಾಡಿಗೆ ಬೇಕಾದದ್ದು ಕಾಲು ಸಿಎಫ್‌ಟಿಗಿಂತ ಸ್ವಲ್ಪ ಜಾಸ್ತಿ. ಅಷ್ಟು ಸಣ್ಣ ತುಂಡಿಗೆ ಸಾಮಿಲ್‌ನವರು ಮುಖ ಸಿಂಡರಿಸುತ್ತಾರೆ. ಉಳಿದ ತುಂಡುಗಳ ರಾಶಿ ತೋರಿಸಿ ಅಂತ ಕೇಳಿ, ಖುಷಿಯಾಗಿ ಕೊಡುತ್ತಾರೆ. ಚೇಗು, ಅಂದರೆ ಮರದ ಗಟ್ಟಿ ಒಳಭಾಗ, ಇರುವುದನ್ನೇ ಆರಿಸಿ. ಹಲಗೆಯ ತುದಿ ನೋಡಿದಾಗ ಉಂಗುರದ ಗೆರೆಗಳು ನಿಂತ ಹಾಗಿದ್ದರೆ ಅದು ನೆಕ್ಕಿಗೆ, ಮಲಗಿದ್ದರೆ ಬಾಡಿಗೆ.

ಒಣಗಿದೆಯಾ? ಆಚಾರ್‍ರು ತಟ್ಟಿ ಹೇಳುತ್ತಾರೆ, ನಮಗೆ ಆ ಕೈ ಇಲ್ಲ. ಅಡುಗೆಮನೆಯ ತಕ್ಕಡಿ ಸಾಕು. ಹಲಗೆಯನ್ನು ನೆರಳಲ್ಲಿ ಗಾಳಿಯಾಡುವಂತೆ ಇಟ್ಟು ವಾರಕ್ಕೊಮ್ಮೆ ತೂಗಿ, ಹಲಗೆಯ ಮೇಲೇ ಬರೆಯಿರಿ. ನಾಲ್ಕು ವಾರ ತೂಕ ಒಂದೇ ಇದ್ದರೆ ಕೆಲಸಕ್ಕೆ ತೆಗೆದುಕೊಳ್ಳಿ. ಕರಾವಳಿಯವರು, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಟು ಹಾಕುವ ಕೆಲಸ ಮುಂದೂಡಿದರೆ ಒಳ್ಳೆಯದು. ಮಳೆಯಲ್ಲಿ ಉಬ್ಬಿದ ಮರಕ್ಕೆ ಅಂಟು ಹಾಕಿದರೆ ಮಾರ್ಚ್‌ನಲ್ಲಿ ಬಿರುಕು ನೋಡಬೇಕಾಗುತ್ತದೆ.

ನೆಕ್

ಮೊದಲು ನಿಮ್ಮ ಸ್ಕೇಲ್ ಯಾವುದು ಎಂದು ತೀರ್ಮಾನಿಸಿ. ನಟ್‌ನಿಂದ ಬ್ರಿಡ್ಜಿನವರೆಗೆ ತಂತಿಯ ಲೆಕ್ಕದ ಉದ್ದವೇ ಸ್ಕೇಲ್. ಫೆಂಡರ್ ಮಾದರಿಗೆ 648 ಮಿಲಿಮೀಟರ್, ಅಂದರೆ ಇಪ್ಪತ್ತೈದೂವರೆ ಇಂಚು.

ಫ್ರೆಟ್ ಎಲ್ಲಿ ಬರಬೇಕು ಎಂಬುದಕ್ಕೆ ಸರಳ ಲೆಕ್ಕ ಇದೆ. ಉಳಿದಿರುವ ಉದ್ದವನ್ನು 17.817ರಿಂದ ಭಾಗಿಸಿ. 648ನ್ನು ಭಾಗಿಸಿದರೆ 36.37. ಅದು ಮೊದಲ ಫ್ರೆಟ್. ಉಳಿದದ್ದು 611.63, ಅದನ್ನು ಭಾಗಿಸಿದರೆ 34.33. ಎರಡನೆಯ ಫ್ರೆಟ್ ನಟ್‌ನಿಂದ 70.70ರಲ್ಲಿ. ಹೀಗೇ 21 ಫ್ರೆಟ್‌ವರೆಗೆ. ಹನ್ನೆರಡನೆಯದು ಸರಿಯಾಗಿ 324ರಲ್ಲಿ, ಅಂದರೆ ಅರ್ಧಕ್ಕೆ ಬಂದರೆ ಲೆಕ್ಕ ಸರಿ.

ನಾನು ಎಡವಿದ್ದು ಇಲ್ಲೇ. ಒಂದು ಫ್ರೆಟ್ಟಿನಿಂದ ಮುಂದಿನದಕ್ಕೆ ಅಳೆದೆ. ಪ್ರತಿ ಸಲ ಕಾಲು ಮಿಲಿಮೀಟರ್ ತಪ್ಪಿದರೆ ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ 3 ಮಿಲಿಮೀಟರ್ ಆಗುತ್ತದೆ. ಎಲ್ಲ ಅಳತೆಯನ್ನೂ ನಟ್‌ನಿಂದಲೇ ತೆಗೆಯಿರಿ. ಪೆನ್ಸಿಲ್ ಬೇಡ, ಚೂಪಾದ ಚಾಕುವಿನಲ್ಲಿ ಗೀರಿ. ಆ ಗೀರಿನಲ್ಲೇ ಗರಗಸ ತಾನಾಗಿ ಕೂರುತ್ತದೆ.

ಕೆಲಸದ ಕ್ರಮ ಹೀಗೆ.

1. ನೆಕ್ಕಿಗೆ 700 × 80 × 20 ಮಿಲಿಮೀಟರ್ ಹಲಗೆ ತೆಗೆದುಕೊಳ್ಳಿ. ಮೇಲ್ಮೈ ಸಪಾಟಾಗಿರಬೇಕು. ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದಾಗ ಕೆಳಗೆ ಬೆಳಕು ತೂರಬಾರದು. ಉದ್ದಕ್ಕೂ ಒಂದು ನಡುಗೆರೆ ಎಳೆಯಿರಿ, ಕೊನೆಯವರೆಗೂ ಅದನ್ನು ಅಳಿಸಬೇಡಿ.

2. ನಡುಗೆರೆಯ ಮೇಲೆ ಟ್ರಸ್ ರಾಡ್‌ಗೆ ಕಾಲುವೆ ತೋಡಿ. ತಂತಿಯ ಎಳೆತಕ್ಕೆ ಎದುರು ನಿಂತು ನೆಕ್ ಬಾಗದಂತೆ ನೋಡಿಕೊಳ್ಳುವ ಕಬ್ಬಿಣದ ಸರಳು ಅದು. ಎರಡೂ ಕಡೆ ತಿರುಗುವಂಥದ್ದನ್ನೇ ಕೊಳ್ಳಿ. ರಾಡ್ ಕೈಗೆ ಬಂದ ಮೇಲೆ ಅದನ್ನೇ ಅಳೆದು ತೋಡಿ. ರೂಟರ್ ಒಂದೇ ಸಲಕ್ಕೆ ಆಳ ಇಳಿಸಬೇಡಿ, 3 ಮಿಲಿಮೀಟರ್‌ನಂತೆ ಹೋಗಿ.

3. ಫ್ರೆಟ್‌ಬೋರ್ಡಿಗೆ ಸೀಳು ಕೊಯ್ಯಿರಿ. ಹಲಗೆ ಇನ್ನೂ ಚೌಕವಾಗಿರುವಾಗಲೇ ಕೊಯ್ಯಬೇಕು, ಆಗ ಮಾತ್ರ ಮೂಲೆಮಟ್ಟ ಸರಿಯಾಗಿ ಕೂರುತ್ತದೆ. ಆಮೇಲೆ ಬದಿಗಳನ್ನು ಇಳಿಸಿ: ನಟ್ ಹತ್ತಿರ 42 ಮಿಲಿಮೀಟರ್, ತುದಿಯಲ್ಲಿ 56.

4. ಕಾಲುವೆಯ ಮೇಲೆ ಟೇಪ್ ಅಂಟಿಸಿ, ಅಂಟು ಸವರಿ, ಟೇಪ್ ಕಿತ್ತು ಫ್ರೆಟ್‌ಬೋರ್ಡ್ ಕೂರಿಸಿ. ಟೇಪ್ ಮರೆತರೆ ಅಂಟು ರಾಡ್‌ಗೆ ಹಿಡಿದು ಅದು ತಿರುಗುವುದೇ ಇಲ್ಲ. ಕ್ಲ್ಯಾಂಪ್ ಬಿಗಿ ಮಾಡುವಾಗ ಹಲಗೆ ಜಾರುತ್ತದೆ. ಅದಕ್ಕೆ ಎರಡು ಸೀಳುಗಳ ಒಳಗೆ ಸಣ್ಣ ಮೊಳೆ ಹೊಡೆದು ಹಿಡಿಸಿ, ಆಮೇಲೆ ಕಿತ್ತರೆ ಗುರುತು ಫ್ರೆಟ್ಟಿನ ಕೆಳಗೆ ಅಡಗುತ್ತದೆ. ಒಂದು ದಿನ ಪೂರ್ತಿ ಬಿಡಿ.

5. ಹಿಂಭಾಗ ಕೆತ್ತಿ. ಮೊದಲ ಫ್ರೆಟ್ ಹತ್ತಿರ ಒಟ್ಟು ದಪ್ಪ 21 ಮಿಲಿಮೀಟರ್, ಹನ್ನೆರಡರ ಹತ್ತಿರ 23. ಕಾಲುವೆಯ ಕೆಳಗೆ 3 ಮಿಲಿಮೀಟರ್ ಆದರೂ ಮರ ಉಳಿಯಬೇಕು. ಈ ಎರಡು ಜಾಗಗಳನ್ನು ಮೊದಲು ಅಳತೆಗೆ ತಂದು ಆಮೇಲೆ ನಡುವಿನದನ್ನು ಸೇರಿಸಿ. ಇಲ್ಲಿ ಅರ ಮತ್ತು ಕೈ, ಎರಡೇ ಸಾಕು. ಕಣ್ಣು ಮುಚ್ಚಿ ಹಿಡಿದು ನೋಡಿ, ಉಬ್ಬು ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಸಿಗುತ್ತದೆ.

6. ನೆಕ್ಕಿನ ತಲೆಯನ್ನು, ಅಂದರೆ ಹೆಡ್‌ಸ್ಟಾಕನ್ನು 15 ಮಿಲಿಮೀಟರ್‌ಗೆ ಇಳಿಸಿ, ತಂತಿ ಬಿಗಿಯುವ ಟ್ಯೂನರುಗಳಿಗೆ ತೂತು ಕೊರೆಯಿರಿ. ಕೆಳಗೆ ಬೇರೆ ಹಲಗೆ ಇಟ್ಟು ಕೊರೆದರೆ ಸಿಬಿರು ಏಳುವುದಿಲ್ಲ.

7. ರೇಡಿಯಸ್ ಬ್ಲಾಕಿನಿಂದ ಫ್ರೆಟ್‌ಬೋರ್ಡಿಗೆ ಕಮಾನು ಕೊಡಿ. 9.5 ಅಥವಾ 12 ಇಂಚಿನ ರೇಡಿಯಸ್ ಎಲ್ಲರ ಕೈಗೂ ಹೊಂದುತ್ತದೆ.

ಅಂಟಿನ ಬಗ್ಗೆ ಒಂದು ಮಾತು. ಬಾಡಿಯ ಹಲಗೆ ಜೋಡಿಸಲು ಫೆವಿಕಾಲ್ ಸಾಕು. ಆದರೆ ಬಿಳಿ ಅಂಟು ಸದಾ ಎಳೆತ ಇರುವ ಕಡೆ, ಬಿಸಿಲಲ್ಲಿ, ನಿಧಾನವಾಗಿ ಜಾರುತ್ತದೆ. ನೆಕ್ಕಿಗೆ ಟೈಟ್‌ಬಾಂಡ್‌ನಂಥ ಹಳದಿ ಅಂಟು ವಾಸಿ.

ಫ್ರೆಟ್ ಹೊಡೆಯುವುದು

ಫ್ರೆಟ್ ತಂತಿಯನ್ನು ಫ್ರೆಟ್‌ಬೋರ್ಡಿನ ಕಮಾನಿಗಿಂತ ಸ್ವಲ್ಪ ಜಾಸ್ತಿ ಬಾಗಿಸಿ ತುಂಡು ಮಾಡಿ. ಮೊದಲು ಎರಡು ತುದಿ, ಆಮೇಲೆ ನಡು, ಹೀಗೆ ಪ್ಲಾಸ್ಟಿಕ್ ತಲೆಯ ಸುತ್ತಿಗೆಯಲ್ಲಿ ಹೊಡೆಯಿರಿ. ನೆಕ್ಕಿನ ಕೆಳಗೆ ಮರಳಿನ ಚೀಲ ಇದ್ದರೆ ಏಟು ಹಿಂದಕ್ಕೆ ಚಿಮ್ಮುವುದಿಲ್ಲ. ದನಿ ಕೇಳಿಸಿಕೊಳ್ಳಿ. ಕೂತ ಫ್ರೆಟ್ 'ಟಣ್' ಅನ್ನುವುದಿಲ್ಲ, 'ಟಕ್' ಅನ್ನುತ್ತದೆ.

ಎಲ್ಲ ಹೊಡೆದ ಮೇಲೆ ತಲೆಗಳಿಗೆ ಮಾರ್ಕರ್ ಬಳಿಯಿರಿ. ಸಪಾಟಾದ ಉದ್ದ ಪಟ್ಟಿಗೆ 320 ನಂಬರಿನ ಸ್ಯಾಂಡ್‌ಪೇಪರ್ ಅಂಟಿಸಿ ಉದ್ದಕ್ಕೆ ಉಜ್ಜಿ. ಎಲ್ಲ ಫ್ರೆಟ್ಟಿನಲ್ಲೂ ಬಣ್ಣ ಹೋಯಿತೋ, ನಿಲ್ಲಿಸಿ. ಇನ್ನೊಂದು ಸಲ ಉಜ್ಜುವ ಚಪಲ ಬರುತ್ತದೆ, ಬೇಡ. ಆಮೇಲೆ ಕ್ರೌನಿಂಗ್ ಅರದಿಂದ ತಲೆ ದುಂಡಗೆ ಮಾಡಿ, ತುದಿಗಳನ್ನು ಓರೆಯಾಗಿ ಅರೆದು ಬೆರಳಿಗೆ ಚುಚ್ಚದಂತೆ ಮಾಡಿ.

ಬಾಡಿ ಮತ್ತು ಬ್ರಿಡ್ಜ್

ಬಾಡಿ 45 ಮಿಲಿಮೀಟರ್ ದಪ್ಪ. ಮೊದಲು 6 ಮಿಲಿಮೀಟರ್ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಅಚ್ಚು ಮಾಡಿ. ತಪ್ಪು ಅಚ್ಚಿನಲ್ಲೇ ಆಗಲಿ, ಮರದಲ್ಲಿ ಬೇಡ. ಜಿಗ್‌ಸಾದಲ್ಲಿ ಗೆರೆಯಿಂದ 2 ಮಿಲಿಮೀಟರ್ ಹೊರಗೆ ಕೊಯ್ದು, ಉಳಿದದ್ದನ್ನು ರೂಟರಿನಲ್ಲಿ ತೆಗೆಯಿರಿ.

ಬಾಡಿಯಲ್ಲಿ ನೀವು ನಿಜವಾಗಿ ಬೆವರಬೇಕಾದ ಜಾಗ ಒಂದೇ, ನೆಕ್ ಕೂರುವ ಗುಳಿ. 16 ಮಿಲಿಮೀಟರ್ ಆಳ, ಅಗಲ ನಿಮ್ಮ ನೆಕ್ಕಿನ ತುದಿಯಷ್ಟೇ. ಸ್ಕ್ರೂ ಹಾಕದೆ ಬಾಡಿಯನ್ನು ಎತ್ತಿದರೂ ನೆಕ್ ಬೀಳಬಾರದು. ಅಷ್ಟು ಬಿಗಿ.

ಬ್ರಿಡ್ಜ್ ಜಾಗ ಗುರುತು ಮಾಡುವುದು ನೆಕ್ ಕೂರಿಸಿದ ಮೇಲೆ. ಎರಡು ದಾರ ತೆಗೆದುಕೊಂಡು ನಟ್‌ನಿಂದ ಬ್ರಿಡ್ಜಿಗೆ, ಮೊದಲ ಮತ್ತು ಆರನೆಯ ತಂತಿಯ ಜಾಗದಲ್ಲಿ ಬಿಗಿಯಾಗಿ ಎಳೆದು ಕಟ್ಟಿ. ಕೊನೆಯ ಫ್ರೆಟ್ಟಿನಲ್ಲಿ ಎರಡೂ ದಾರ ಅಂಚಿನಿಂದ ಒಂದೇ ದೂರದಲ್ಲಿರಬೇಕು. ಆಮೇಲೆ ಸ್ಯಾಡಲ್ಲನ್ನು (ಬ್ರಿಡ್ಜಿನ ಮೇಲೆ ತಂತಿ ಕೂರುವ, ಹಿಂದೆ ಮುಂದೆ ಸರಿಸಬಹುದಾದ ತುಂಡು) ಹೆಚ್ಚುಕಮ್ಮಿ ಪೂರ್ತಿ ಮುಂದೆ ತಂದು, ತೆಳು ತಂತಿಯ ಸ್ಯಾಡಲ್ ನಟ್‌ನಿಂದ 648ಕ್ಕೆ ಬರುವಂತೆ ಇಡಿ. ತಂತಿ ಒತ್ತಿದಾಗ ಅದು ಹಿಗ್ಗಿ ಸ್ವರ ಮೇಲೇರುತ್ತದೆ. ಅದನ್ನು ಸರಿದೂಗಿಸಲು ಸ್ಯಾಡಲ್ ಹಿಂದಕ್ಕೆ ಹೋಗಬೇಕು, ದಪ್ಪ ತಂತಿಯದು 2ರಿಂದ 4 ಮಿಲಿಮೀಟರ್ ಜಾಸ್ತಿ ಹಿಂದಕ್ಕೆ. ಹಿಂದೆ ಜಾಗ ಇರಲಿ ಅಂತಲೇ ಮೊದಲು ಮುಂದೆ ತರುವುದು. ಮೂರು ಸಲ ಅಳೆಯಿರಿ. ಬೇರೆಯವರಿಂದ ಒಂದು ಸಲ ಅಳೆಸಿ. ಆಮೇಲೆ ಡ್ರಿಲ್ ಹಿಡಿಯಿರಿ.

ಪಾಲಿಶ್, ವೈರಿಂಗ್

ಮೊದಲ ಗಿಟಾರಿಗೆ ಸ್ಪ್ರೇ ಬೇಡ. ನಮ್ಮ ಪಾಲಿಶ್‌ನವರ ಹಳೆಯ ವಿದ್ಯೆ, ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಲ್ಲಿ ಸವರುವ ಫ್ರೆಂಚ್ ಪಾಲಿಶ್, ಕ್ಲಾಸಿಕಲ್ ಗಿಟಾರ್ ಮಾಡುವವರು ಇವತ್ತಿಗೂ ಬಿಟ್ಟಿಲ್ಲ. ಗೀಚಿದರೆ ಅದರ ಮೇಲೇ ಮತ್ತೆ ಸವರಿದರಾಯಿತು. ಹತ್ತಿರದ ಪಾಲಿಶ್ ಕೆಲಸದವರ ಪಕ್ಕ ಒಂದು ದಿನ ಕೂತು ಕಲಿಯಿರಿ. ಅಗಸೆ ಎಣ್ಣೆ ಬಳಸುವುದಾದರೆ ಒದ್ದೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಗಿಸಿ.

ವೈರಿಂಗ್‌ಗೆ ಹೆದರಬೇಡಿ. ತಂತಿಯ ಕಂಪನ ಹಿಡಿಯುವ ಪಿಕಪ್ ಎರಡು, ದನಿ ಹೆಚ್ಚುಕಮ್ಮಿ ಮಾಡುವ 250ಕೆ ಪಾಟ್ ಎರಡು, ಮೂರು ದಾರಿಯ ಸ್ವಿಚ್, ಒಂದು ಕೆಪಾಸಿಟರ್, ಜ್ಯಾಕ್. ಪಿಕಪ್ ಬಿಟ್ಟು ಉಳಿದದ್ದಕ್ಕೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹುಡುಕಿ. ಬ್ರಿಡ್ಜಿಗೆ ಒಂದು ಗ್ರೌಂಡ್ ವೈರ್ ಮರೆತರೆ ಆಂಪ್ಲಿಫೈಯರ್ ಜೀರುಂಡೆಯ ಹಾಗೆ ಗುಂಯ್‌ಗುಡುತ್ತದೆ.

ತಂತಿ ಏರಿದ ಮೇಲೆ

ಟ್ಯೂನ್ ಮಾಡಿ ಒಂದು ರಾತ್ರಿ ಬಿಡಿ. ಆರನೆಯ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದರೆ ಏಳು ಎಂಟನೆಯ ಫ್ರೆಟ್ಟಿನ ಮೇಲೆ ಸುಮಾರು 0.2 ಮಿಲಿಮೀಟರ್ ಸಂದು ಇರಬೇಕು. ಜಾಸ್ತಿ ಇದ್ದರೆ ಟ್ರಸ್ ರಾಡ್ ಬಿಗಿ ಮಾಡಿ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ಒಂದೂವರೆಯಿಂದ 2 ಮಿಲಿಮೀಟರ್. ಕೊನೆಗೆ ಹನ್ನೆರಡನೆಯ ಫ್ರೆಟ್ ಒತ್ತಿದ ಸ್ವರ ಖಾಲಿ ತಂತಿಯ ಸರಿಯಾದ ಮೇಲಿನ ಷಡ್ಜವಾಗುವಂತೆ ಸ್ಯಾಡಲ್ ಸರಿಸಿ. ಒತ್ತಿದ ಸ್ವರ ಮೇಲೆ ಹೋದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ.

ಇದರಲ್ಲೇ ಬದುಕಬಹುದಾ?

ಬದುಕಬಹುದು, ಆದರೆ ಹೊಸ ಗಿಟಾರ್ ಮಾರಿ ಅಲ್ಲ, ಶುರುವಿನಲ್ಲಂತೂ ಅಲ್ಲ. ಅನ್ನ ಕೊಡುವುದು ರಿಪೇರಿ. ಬ್ಯಾಂಡಿನವರು, ಚರ್ಚ್‌ಗಳಲ್ಲಿ ನುಡಿಸುವವರು, ಸಂಗೀತ ಶಾಲೆಗಳು, ಇವರೆಲ್ಲರ ಗಿಟಾರ್ ವರ್ಷಕ್ಕೆ ಒಂದೆರಡು ಸಲವಾದರೂ ಸೆಟಪ್, ಅಂದರೆ ನೆಕ್, ತಂತಿಯ ಹೊಂದಾಣಿಕೆ, ಕೇಳುತ್ತದೆ. ಮಳೆಗಾಲ ಮುಗಿದ ಮೇಲೆ ಇನ್ನೂ ಜಾಸ್ತಿ. ಹತ್ತು ನೆಕ್ ನೇರ ಮಾಡಿಕೊಟ್ಟವರನ್ನು ನಂಬಿ ಹನ್ನೊಂದನೆಯವರು ಹೊಸ ಗಿಟಾರ್ ಮಾಡಿಕೊಡಿ ಅನ್ನುತ್ತಾರೆ.

ಬೆಲೆ ಹಾಕುವಾಗ ಮರ, ಹಾರ್ಡ್‌ವೇರ್ ಮಾತ್ರ ಲೆಕ್ಕ ಹಾಕುವುದು ಎಲ್ಲರೂ ಮಾಡುವ ತಪ್ಪು. ಗಂಟೆ ಬರೆದಿಡಿ. ಕೋಲ್ಕತ್ತಾದಿಂದ, ಚೀನಾದಿಂದ ಬರುವ ಅಗ್ಗದ ಗಿಟಾರಿನ ಜತೆ ಬೆಲೆಯಲ್ಲಿ ಪೈಪೋಟಿಗೆ ಹೋಗಬೇಡಿ, ಸೋಲು ಖಚಿತ. ಎಡಗೈಯವರಿಗೆ, ಸಣ್ಣ ಕೈಯವರಿಗೆ, ಕರ್ನಾಟಕ ಸಂಗೀತ ನುಡಿಸಲು ಫ್ರೆಟ್‌ಬೋರ್ಡಿನಲ್ಲಿ ಗುಳಿ ತೆಗೆಸಬೇಕೆನ್ನುವವರಿಗೆ ಅಂಗಡಿಯಲ್ಲಿ ಬೇಕಾದ್ದು ಸಿಗುವುದಿಲ್ಲ. ಅವರು ಬರುವುದು ನಿಮ್ಮ ಹತ್ತಿರ. ಫ್ರೆಟ್‌ಬೋರ್ಡಿನ ಕುಸುರಿಗೆ ಮೈಸೂರಿನ ಬೀಟೆ ಇನ್‌ಲೇ ಕೆಲಸದವರ ಜತೆ ಸೇರಿದರೆ ಅದೇ ನಿಮ್ಮ ಗುರುತಾಗಬಹುದು. ಮಾರುವ ಗಿಟಾರಿನಲ್ಲಿ ಫೆಂಡರ್ ಆಕಾರದ ಹೆಡ್‌ಸ್ಟಾಕ್ ಮಾತ್ರ ಬೇಡ, ಅದು ಅವರ ಟ್ರೇಡ್‌ಮಾರ್ಕ್. ನಿಮ್ಮದೇ ಆಕಾರ ಬರೆಯಿರಿ.

ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ ಬೀಟೆಯ ಕಾಗದ ಪತ್ರ ಮೊದಲಿನಿಂದಲೇ ಇರಲಿ. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಟ್ಟು ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ; ಇಡೀ ಬೀಟೆ ಕುಲದ ಮೇಲೆ 2017ರಲ್ಲಿ ಬಂದ ಅದರ ನಿರ್ಬಂಧದಿಂದ ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ರೋಸ್‌ವುಡ್‌ಗೆ ಸಿಗಲಿಲ್ಲ. ಮರ ಎಲ್ಲಿಯದು ಎಂಬ ಬಿಲ್ ಇಲ್ಲದಿದ್ದರೆ ಯಾವ ವಿನಾಯಿತಿಯೂ ಕೆಲಸಕ್ಕೆ ಬರುವುದಿಲ್ಲ.

ಶಾಲೆ ಬೇಕೆನ್ನುವವರಿಗೆ ಅಮೆರಿಕದ ಫೀನಿಕ್ಸ್‌ನಲ್ಲಿ ರಾಬರ್ಟೊ-ವೆನ್ ಇದೆ, 1975ರಿಂದ ಗಿಟಾರ್ ಮಾಡುವುದನ್ನೇ ಕಲಿಸುತ್ತಿದೆ. ಅಷ್ಟು ದೂರ ಹೋಗಲಾಗದಿದ್ದರೆ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರಗೆಲಸದ ತರಬೇತಿ ಇದೆ. ಅಲ್ಲಿ ಗಿಟಾರ್ ಕಲಿಸುವುದಿಲ್ಲ. ಮರ ಏಕೆ ಸೊಟ್ಟಗಾಗುತ್ತದೆ, ಮೆಷಿನ್ ಹೇಗೆ ಹಿಡಿಯಬೇಕು ಎಂದು ತಿಳಿದರೆ ಅರ್ಧ ದಾರಿ ಸವೆದಂತೆ.

ರಿಪೇರಿಗೆ ಗಿಟಾರ್ ಬಂದಾಗ, ತಂತಿ ಬಿಚ್ಚುವ ಮೊದಲು, ಗಿರಾಕಿಯ ಎದುರಿಗೇ ನಾಲ್ಕೂ ಕಡೆಯ ಫೋಟೊ ತೆಗೆದು, ತಂತಿಯ ಎತ್ತರ ಮತ್ತು ನೆಕ್ಕಿನ ಬಾಗು ಚೀಟಿಯಲ್ಲಿ ಬರೆದು ಟ್ಯೂನರಿಗೆ ಕಟ್ಟಿ. "ಈ ಗೀಚು ಮೊದಲು ಇರಲಿಲ್ಲ ಸಾರ್" ಎಂಬ ಮಾತು ಯಾವತ್ತಾದರೂ ಬಂದೇ ಬರುತ್ತದೆ.